ನೀರು ಸೋರದ, ನೀರು ನಿಲ್ಲದ ಗೂಡು

ಹಳೆಯ ಗೂಡನ್ನು ಬಿಚ್ಚಿದ ದಿನ ತಳದ ಹಲಗೆ ನೆನೆದ ರೊಟ್ಟಿಯಂತೆ ಕೈಗೆ ಮುರಿದು ಬಂತು. 12 ಮಿಲಿಮೀಟರಿನ ಪ್ಲೈವುಡ್ ಮೂಲೆಗಳಲ್ಲಿ ಉಬ್ಬಿ 20 ಆಗಿತ್ತು. ಬಿಟ್ಟುಕೊಂಡ ಪದರಗಳ ನಡುವೆ ಗೆದ್ದಲು ಆಗಲೇ ಸಂಸಾರ ಹೂಡಿತ್ತು. ನಾನು ಮೂರು ಬಾರಿ ಬಳಿದಿದ್ದ ಹಸಿರು ಎನಾಮಲ್ ಬಣ್ಣ ಮಾತ್ರ ಇನ್ನೂ ಹೊಳೆಯುತ್ತಿತ್ತು. ಎರಡು ವರ್ಷ ಆ ಹೊಳಪನ್ನೇ ನೋಡಿಕೊಂಡು, ಗೂಡು ಗಟ್ಟಿಯಾಗಿದೆ ಎಂದು ನಂಬಿಕೊಂಡಿದ್ದೆ.

ಆ ಗೂಡಿನಲ್ಲಿದ್ದವಳು ಮಿರ್ಚಿ. ಹಸಿರು ಇಗುವಾನಾ ಎಂಬ ದೊಡ್ಡ ಹಲ್ಲಿ, ಮೂರು ವರ್ಷ, ಮೂಗಿನಿಂದ ಬಾಲದ ತುದಿಯವರೆಗೆ 4 ಅಡಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಬಳ್ಳಾರಿಯಲ್ಲಿ ಇವಳನ್ನು ನೋಡಿದವರೆಲ್ಲ ಮೊದಲು ಹೇಳುವುದು "ಉಡ" ಎಂದೇ. ಪಕ್ಕದ ಮನೆಯವರು ಅರಣ್ಯ ಇಲಾಖೆಗೆ ಫೋನ್ ಮಾಡಲು ಹೊರಟಿದ್ದರು. ಅವರ ಕಾಳಜಿ ಸರಿಯಾದದ್ದೇ. ಉಡವನ್ನಾಗಲಿ, ನಕ್ಷತ್ರ ಆಮೆಯನ್ನಾಗಲಿ ಮನೆಯಲ್ಲಿ ಸಾಕುವುದು ಅಪರಾಧ. ಉಡಕ್ಕೆ ಹಾವಿನಂತೆ ಸೀಳು ನಾಲಿಗೆ, ಅದು ಮಾಂಸಾಹಾರಿ. ಇವಳಿಗೆ ಬೆನ್ನುದ್ದಕ್ಕೂ ಮುಳ್ಳಿನ ಸಾಲು, ಗಂಟಲಡಿ ಜೋಲುವ ಚರ್ಮ, ಕಿವಿಯ ಕೆಳಗೆ ಬಿಲ್ಲೆಯಂಥ ಒಂದು ದೊಡ್ಡ ಹುರುಪೆ; ತಿನ್ನುವುದು ಸೊಪ್ಪು ಮಾತ್ರ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಪ್ರಾಣಿ. ಇಂಥ ವಿದೇಶಿ ಪ್ರಾಣಿಗಳನ್ನು ಸಾಕುವವರು ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂದು 2024ರ ಫೆಬ್ರವರಿಯಲ್ಲಿ ಕೇಂದ್ರದ ನಿಯಮ ಬಂತು. ನೋಂದಾಯಿಸಿದ ಕಾಗದದ ಪ್ರತಿಯನ್ನು ಗೂಡಿನ ಪಕ್ಕದ ಗೋಡೆಗೇ ಅಂಟಿಸಿದ್ದೇನೆ. ಬಂದವರಿಗೆಲ್ಲ ವಿವರಿಸುವ ಶ್ರಮ ಉಳಿಯುತ್ತದೆ.

ಗೂಡು ಬಿಚ್ಚಲು ಕಾರಣ ಗೆದ್ದಲಲ್ಲ, ಮಿರ್ಚಿಯ ಹೊಟ್ಟೆ. ಹೊಟ್ಟೆಯ ಹುರುಪೆಗಳ ಮೇಲೆ ಕಂದು ಕಲೆಗಳು ಎದ್ದಿದ್ದವು. ಪಶುವೈದ್ಯರು ಮುಲಾಮು ಬರೆದುಕೊಟ್ಟು, "ಔಷಧಿ ನನ್ನದು, ನೆಲ ಒಣಗಿಸುವುದು ನಿಮ್ಮದು" ಎಂದರು. ನಾಚಿಕೆಯಾಯಿತು. ನನ್ನ ಹೊಟ್ಟೆಪಾಡೇ ನೀರು ಹರಿಸುವುದು. ಜೀನ್ಸ್ ತೊಳೆಯುವ ಘಟಕವೊಂದರಲ್ಲಿ ಯಂತ್ರಗಳ ದುರಸ್ತಿ ನನ್ನ ಕೆಲಸ. ಪಂಪು, ಪೈಪು, ಗಟಾರ, ಜಾಲಿ ಇವುಗಳ ಜೊತೆಗೇ ಹದಿನಾಲ್ಕು ವರ್ಷ ಕಳೆದಿದ್ದೇನೆ. ಅಲ್ಲಿ ನೆಲದಲ್ಲಿ ನೀರು ನಿಂತರೆ ಕೂಗಾಡುವ ನಾನು ಮನೆಯಲ್ಲಿ ಒಂದು ಜೀವವನ್ನು ನಿಂತ ನೀರಿನ ಮೇಲೆ ಮಲಗಿಸಿದ್ದೆ.

ಇಗುವಾನಾ ಸಾಕುವುದರ ತೊಡಕೇ ಇದು. ಅದರ ಗಾಳಿಯಲ್ಲಿ ಶೇಕಡಾ 65ರಿಂದ 80ರಷ್ಟು ತೇವ ಬೇಕು. ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ ನನ್ನ ಮನೆಯ ಮೀಟರ್ 20ರ ಆಸುಪಾಸು ತೋರಿಸುತ್ತದೆ. ಆದ್ದರಿಂದ ದಿನಕ್ಕೆ ಐದಾರು ಬಾರಿ ನೀರು ಸಿಂಪಡಿಸಲೇಬೇಕು. ಸಿಂಪಡಿಸಿದ ನೀರೆಲ್ಲ ನೆಲಕ್ಕಿಳಿಯುತ್ತದೆ. ಸಾಲದ್ದಕ್ಕೆ ಇವಳು ಶೌಚಕ್ಕೆ ನೀರಿನ ತೊಟ್ಟಿಯನ್ನೇ ಹುಡುಕಿಕೊಂಡು ಹೋಗುತ್ತಾಳೆ. ಅಂದರೆ ಗಾಳಿ ಒದ್ದೆಯಾಗಿರಬೇಕು, ನೆಲ ಒಣಗಿರಬೇಕು. ಬಣ್ಣದ ಡಬ್ಬದಿಂದ ಬಗೆಹರಿಯುವ ಲೆಕ್ಕ ಇದಲ್ಲ ಎಂದು ನನಗೆ ತಿಳಿಸಿದವರು ನಮ್ಮ ಓಣಿಯ ಹಿರಿಯ ಗೌಂಡಿ ತಾತ.

ನಾನು ಯಾವ ವಾಟರ್‌ಪ್ರೂಫ್ ಬಣ್ಣ ಒಳ್ಳೆಯದು ಎಂದು ಕೇಳಲು ಹೋಗಿದ್ದೆ. ಅವರು ಬಣ್ಣದ ಮಾತೇ ಎತ್ತಲಿಲ್ಲ. "ಮಣ್ಣಿನ ಮಾಳಿಗೆ ನೋಡಿದ್ದೀಯಲ್ಲ ತಮ್ಮ? ಮೇಲೆ ಏನಿರುತ್ತದೆ? ಸವಳು ಮಣ್ಣು. ಮಣ್ಣಿನ ಮೇಲೆ ಮಳೆ ಬಿದ್ದರೂ ಮನೆ ಏಕೆ ಸೋರುವುದಿಲ್ಲ? ನೀರಿಗೆ ಅಲ್ಲಿ ನಿಲ್ಲಲು ಪುರುಸೊತ್ತಿಲ್ಲ. ವಾಟ ಸರಿಯಿದ್ದರೆ ಬಿದ್ದದ್ದೆಲ್ಲ ದೋಣಿಗೆ ಓಡುತ್ತದೆ. ನಿನ್ನ ಹಲ್ಲಿಯ ಮನೆಗೆ ದೋಣಿ ಎಲ್ಲಿದೆ?" ಎಂದರು. ವಾಟ ಎಂದರೆ ನೀರು ಹರಿಯಲು ಕೊಡುವ ಇಳಿಜಾರು, ದೋಣಿ ಎಂದರೆ ಮಾಳಿಗೆಯ ನೀರನ್ನು ಗೋಡೆಯಾಚೆ ಸುರಿಯುವ ಕೊಳವೆ. ನನ್ನ ಹಳೆಯ ಗೂಡಿಗೆ ದೋಣಿಯೂ ಇರಲಿಲ್ಲ, ವಾಟವೂ ಇರಲಿಲ್ಲ. ಅದೊಂದು ಬಣ್ಣ ಬಳಿದ ಬಾನಿ.

ಸಂಕ್ರಾಂತಿ ಕಳೆದ ವಾರ ಕೆಲಸ ಹಿಡಿದೆ. ಅಳತೆ 6 ಅಡಿ ಉದ್ದ, 3 ಅಡಿ ಅಗಲ, 6 ಅಡಿ ಎತ್ತರ. ಇಗುವಾನಾ ಮರದ ಪ್ರಾಣಿ, ಅದಕ್ಕೆ ಎತ್ತರ ಬೇಕು. ಮಿರ್ಚಿ ಇನ್ನೂ ಎರಡಡಿ ಬೆಳೆದರೂ ಆಶ್ಚರ್ಯವಿಲ್ಲ. ಚೌಕಟ್ಟಿಗೆ ಒಂದೂವರೆ ಇಂಚಿನ ಜಿ.ಐ. ಚೌಕ ಪೈಪು, ಅಂದರೆ ಸತುವು ಲೇಪಿಸಿದ ಕಬ್ಬಿಣದ್ದು. ವೆಲ್ಡಿಂಗ್ ಮಾಡಿದ ಕಡೆಯೆಲ್ಲ ಸತುವು ಸುಟ್ಟುಹೋಗಿ ತುಕ್ಕಿಗೆ ಬಾಗಿಲು ತೆರೆಯುತ್ತದೆ; ಅಲ್ಲಿ ತಿಕ್ಕಿ ಎರಡು ಕೋಟು ರೆಡ್ ಆಕ್ಸೈಡ್ ಹಚ್ಚಿದೆ. ಕಾಲುಗಳು ಒಂದೂವರೆ ಅಡಿ ಎತ್ತರ. ಕೆಳಗೆ ಕೈ ಹಾಕಿ ಪೈಪು ಬಿಚ್ಚುವಷ್ಟು ಜಾಗ ಇರಬೇಕು, ಗೆದ್ದಲು ಏರಿದರೆ ಕಣ್ಣಿಗೆ ಬೀಳಬೇಕು.

ನೆಲಕ್ಕೆ 18 ಮಿಲಿಮೀಟರಿನ, ನೀರು ತಾಳುವ ಮರೀನ್ ಪ್ಲೈ, ಅದಕ್ಕೆಂದೇ ಇರುವ ಐಎಸ್ 710 ಗುಣಮಟ್ಟದ ಮುದ್ರೆಯದು. ಪಿವಿಸಿ ಫೋಮ್ ಹಲಗೆ ಹಾಕಬಹುದಲ್ಲ ಎಂದು ಅಂಗಡಿಯವರು ಹೇಳಿದರು. ಅದಕ್ಕೆ ನೀರಿನ ಭಯವಿಲ್ಲ, ನಿಜ. ಆದರೆ ಬಳ್ಳಾರಿಯ ಬೇಸಿಗೆ, ಮೇಲೆ ಬಿಸಿ ದೀಪ. ಅದು ಮೆತ್ತಗಾಗಿ ಜೋಲುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. ನನಗೆ ಧೈರ್ಯ ಬರಲಿಲ್ಲ.

ವಾಟ 50ಕ್ಕೆ 1 ಎಂದು ಇಟ್ಟುಕೊಂಡೆ, ಅಂದರೆ 50 ಮಿಲಿಮೀಟರ್ ದೂರಕ್ಕೆ 1 ಮಿಲಿಮೀಟರ್ ಇಳಿತ. ಹಿಂಬದಿಯ ಬಲಮೂಲೆಯಲ್ಲಿ ರಂಧ್ರ. ನೀರೆಲ್ಲ ಅಲ್ಲಿಗೆ ಬರಬೇಕು. ಇಲ್ಲಿ ನಾನು ಮಾಡಿದ ಮೊದಲ ಪೆದ್ದುತನ ಹೇಳಲೇಬೇಕು. ಆ ಮೂಲೆಯನ್ನಷ್ಟೇ ತಗ್ಗಿಸಿ ಉಳಿದ ಮೂರನ್ನು ಒಂದೇ ಮಟ್ಟಕ್ಕೆ ಇಟ್ಟೆ. ಹಲಗೆ ಮೇಲಿಟ್ಟರೆ ಒಂದು ಕಾಲು ಗಿಡ್ಡವಾದ ಮಂಚದಂತೆ ಕುಣಿಯಿತು. ಸ್ಕ್ರೂ ಹಾಕಿ ಬಿಗಿದರೆ ತಿರುಚಿಕೊಂಡಿತು. ಅರ್ಧ ದಿನ ಒದ್ದಾಡಿದ ಮೇಲೆ ಲೆಕ್ಕ ಹೊಳೆಯಿತು: ಚಪ್ಪಟೆ ಹಲಗೆಯನ್ನು ಎರಡೂ ದಿಕ್ಕಿಗೆ ಒಟ್ಟಿಗೆ ವಾಲಿಸಬಹುದು, ಆದರೆ ನಾಲ್ಕೂ ಮೂಲೆಗಳ ಎತ್ತರ ಬೇರೆ ಬೇರೆಯಾಗಬೇಕು. ರಂಧ್ರದ ಮೂಲೆ 0. ಅಗಲದ ಕಡೆಯ ಮೂಲೆ 18 ಮಿಲಿಮೀಟರ್. ಉದ್ದದ ಕಡೆಯದು 36. ಎದುರುಮೂಲೆ ಇವೆರಡರ ಮೊತ್ತ, 54. ಕರ್ಣದಲ್ಲಿ ಎದುರುಬದುರಾಗಿರುವ ಮೂಲೆಗಳನ್ನು ಕೂಡಿದರೆ ಎರಡೂ ಜೋಡಿಗೆ ಒಂದೇ ಉತ್ತರ ಬರಬೇಕು. ಇಲ್ಲಿ 54 ಮತ್ತು 54. ಆ ಅಳತೆಗೆ ಆಧಾರಗಳನ್ನು ಇಟ್ಟ ಕೂಡಲೇ ಹಲಗೆ ನೆಲಕ್ಕೆ ಚಾಪೆ ಹಾಸಿದಂತೆ ಕುಳಿತುಕೊಂಡಿತು. ರಸಮಟ್ಟ ಇಟ್ಟು ನೋಡಿ ಸಂತೋಷಪಡುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು, "ನಮ್ಮ ಬಚ್ಚಲಿಗೆ ಇಷ್ಟು ವಾಟ ಇದ್ದಿದ್ದರೆ ನಾನು ಆರು ವರ್ಷ ಪೊರಕೆಯಿಂದ ನೀರು ತಳ್ಳಬೇಕಾಗಿರಲಿಲ್ಲ" ಎಂದಳು. ಕೇಳಿಸಿಕೊಳ್ಳದವನಂತೆ ಇದ್ದೆ.

ರಂಧ್ರಕ್ಕೆ ಹಾಕಿದ್ದು ಸಿಂಟೆಕ್ಸ್ ತೊಟ್ಟಿಗಳಿಗೆ ಹಾಕುವ ಟ್ಯಾಂಕ್ ನಿಪಲ್, ಒಂದೂವರೆ ಇಂಚಿನದು. ಎರಡೂ ಬದಿಗೆ ರಬ್ಬರ್ ವಾಷರ್ ಇಟ್ಟು ಬಿಗಿಯುವ ಸರಳ ವಸ್ತು. ಆದರೆ ಅದರ ಅಂಚು ನೆಲದಿಂದ 5 ಮಿಲಿಮೀಟರ್ ಮೇಲೆದ್ದು ನಿಲ್ಲುತ್ತದೆ. ಎಷ್ಟೇ ವಾಟ ಕೊಟ್ಟರೂ ಆ ಅಂಚಿನ ಸುತ್ತ 5 ಮಿಲಿಮೀಟರ್ ನೀರು ಶಾಶ್ವತವಾಗಿ ನಿಲ್ಲುತ್ತದೆ. ಹೊಸ ಬಚ್ಚಲುಗಳಲ್ಲಿಯೂ ಜಾಲಿಯ ಸುತ್ತ ಪಾಚಿಯ ಉಂಗುರ ಕಾಣುವುದು ಇದೇ ಕಾರಣಕ್ಕೆ. ರಂಧ್ರದ ಸುತ್ತ ಅಂಗೈಯಗಲ ಉಳಿಯಿಂದ 8 ಮಿಲಿಮೀಟರ್ ಆಳಕ್ಕೆ ಕೆತ್ತಿ, ನಿಪಲ್ಲಿನ ಅಂಚು ನೆಲಕ್ಕಿಂತ ತಗ್ಗಿನಲ್ಲಿ ಕೂರುವಂತೆ ಮಾಡಿದೆ. ಕೆಳಗೆ ಯು ಆಕಾರದ ಟ್ರ್ಯಾಪ್. ಅದರಲ್ಲಿ ನಿಂತ ನೀರು ಜಿರಳೆ, ವಾಸನೆ ಎರಡನ್ನೂ ತಡೆಯುತ್ತದೆ.

ಜಾಲಿಯ ವಿಷಯಕ್ಕೆ ನಮ್ಮ ಘಟಕದ ಅನುಭವ ಕೆಲಸಕ್ಕೆ ಬಂತು. ಜೀನ್ಸ್ ತೊಳೆದಾಗ ಬರುವ ನೂಲಿನ ಕಸ ಚಪ್ಪಟೆ ಜಾಲಿಯ ಮೇಲೆ ಕಂಬಳಿಯಂತೆ ಹರಡಿ ಹತ್ತು ನಿಮಿಷದಲ್ಲಿ ಮುಚ್ಚಿಬಿಡುತ್ತದೆ. ಇಗುವಾನಾದ ಪೊರೆಯೂ ಹಾಗೆಯೇ. ಒದ್ದೆ ಕಾಗದದಂತೆ ಅಂಟಿಕೊಳ್ಳುತ್ತದೆ. ಒಂದು ದಾಸವಾಳದ ಎಲೆ ಸಾಕು, ಚಪ್ಪಟೆ ಜಾಲಿ ಬಂದ್. ಹಾಗಾಗಿ ನಿಂತ ಜಾಲಿ ಮಾಡಿದೆ: 10 ಸೆಂಟಿಮೀಟರ್ ಉದ್ದದ ಪಿವಿಸಿ ಪೈಪಿನ ತುಂಡು, ಬುಡದಿಂದ ತಲೆಯವರೆಗೆ 4 ಮಿಲಿಮೀಟರಿನ ತೂತುಗಳು, ಮೇಲೆ ಮುಚ್ಚಳ. ಬುಡ ಕಟ್ಟಿದರೆ ನೀರು ಸ್ವಲ್ಪ ಮೇಲಿನ ತೂತಿನಿಂದ ಇಳಿಯುತ್ತದೆ. ಕೈಯಿಂದ ಎಳೆದರೆ ಹೊರಬರುತ್ತದೆ. ಸ್ಪ್ಯಾನರ್ ಕೇಳುವ ಜಾಲಿಯನ್ನು ಯಾರೂ ತೊಳೆಯುವುದಿಲ್ಲ, ಇದು ನಮ್ಮ ಘಟಕದಲ್ಲಿ ಕಂಡ ಸತ್ಯ.

ಇನ್ನು ನೀರು ತಡೆಯುವ ಒಳಪದರ. ಫೈಬರ್ ಬಾಗಿಲು, ತೊಟ್ಟಿ ಮಾಡುವ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಂಡೆ. ಅವನು ಕೆಲಸ ಮಾಡುವುದಕ್ಕಿಂತ ನನ್ನಿಂದ ಮಾಡಿಸಿದ್ದೇ ಹೆಚ್ಚು. ಲೆಕ್ಕ ಹೀಗಿತ್ತು: ನೆಲಕ್ಕೂ ಗೋಡೆಯ ಕೆಳಗಿನ ಒಂದೂವರೆ ಅಡಿಗೂ ಗಾಜಿನ ನಾರಿನ ಮ್ಯಾಟ್ ಎರಡು ಪದರ, ಗೋಡೆಯ ಉಳಿದ ಮೇಲ್ಭಾಗಕ್ಕೆ ಒಂದೇ ಪದರ. ಚದರ ಮೀಟರಿಗೆ 450 ಗ್ರಾಮ್ ತೂಗುವ ಮ್ಯಾಟ್ 6 ಕಿಲೋ, ಅದನ್ನು ನೆನೆಸಿ ಗಟ್ಟಿಯಾಗಿಸುವ ಪಾಲಿಯೆಸ್ಟರ್ ರೆಸಿನ್ 15 ಕಿಲೋ ಹಿಡಿಯಿತು.

ಮ್ಯಾಟ್ ಹಾಸುವ ಮೊದಲು ಎರಡು ಕೆಲಸ. ಒಂದು, ಪ್ಲೈ ಹಲಗೆಯ ಕತ್ತರಿಸಿದ ಅಂಚುಗಳಿಗೆ ತೆಳುವಾದ ರೆಸಿನ್ ಕುಡಿಸುವುದು. ಹಲಗೆಯ ಮುಖ ನೀರನ್ನು ತಡೆದರೂ ಅಂಚು ದೀಪದ ಬತ್ತಿಯಂತೆ ಎಳೆದುಕೊಳ್ಳುತ್ತದೆ. ಹಳೆಯ ಗೂಡು ಸತ್ತದ್ದು ಅಂಚಿನಿಂದಲೇ. ಎರಡು, ಗೋಡೆ ಮತ್ತು ನೆಲ ಸೇರುವ ಮೂಲೆಗಳನ್ನು ದುಂಡಗೆ ಮಾಡುವುದು. ರೆಸಿನ್‌ಗೆ ಸೀಮೆಸುಣ್ಣದ ಪುಡಿ ಕಲಸಿ ಗಟ್ಟಿ ಲೇಪ ಮಾಡಿ, ಪೌಡರ್ ಡಬ್ಬದ ಬುಡದಿಂದ ಎಳೆದೆ. ಚೂಪಾದ ಮೂಲೆಗೆ ಮ್ಯಾಟ್ ಬಾಗುವುದಿಲ್ಲ. ಹಿಂದೆ ಗಾಳಿ ಉಳಿದು, ಮುಂದೊಂದು ದಿನ ಅಲ್ಲಿಯೇ ಬಿರುಕು ಬಿಡುತ್ತದೆ. ದುಂಡು ಮೂಲೆಯನ್ನು ಒರೆಸುವುದೂ ಸುಲಭ.

ರೆಸಿನ್ ಗಟ್ಟಿಯಾಗಲು ಎರಡು ದ್ರವ ಬೇಕು: ಆಕ್ಸಿಲರೇಟರ್ ಮತ್ತು ಹಾರ್ಡ್ನರ್. ಆಕ್ಸಿಲರೇಟರನ್ನು ಮೊದಲು ರೆಸಿನ್‌ಗೆ ಪೂರ್ತಿ ಕಲಸಬೇಕು, ಹಾರ್ಡ್ನರ್ ಆಮೇಲೆ. ಇವೆರಡು ನೇರವಾಗಿ ಒಂದಕ್ಕೊಂದು ಸೇರಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಹುಡುಗ ಅವೆರಡು ಬಾಟಲಿಗಳನ್ನು ಒಂದೇ ಚೀಲದಲ್ಲಿ ಕೂಡ ಇಡುವುದಿಲ್ಲ.

ಅವನು ಮೊದಲ ದಿನವೇ ಹೇಳಿದ್ದ: "ಅಣ್ಣ, ಬಿಸಿಲೇರಿದ ಮೇಲೆ ರೆಸಿನ್ ಮುಟ್ಟಬೇಡಿ." ನಾನು ಭಾನುವಾರ ಹನ್ನೊಂದು ಗಂಟೆಗೆ ಮುಟ್ಟಿದೆ. ಶೇಕಡಾ 2ರಷ್ಟು ಹಾರ್ಡ್ನರ್ ಹಾಕಿ ಕಲಸಿ, ಮ್ಯಾಟ್ ಬಿಡಿಸಿಕೊಂಡು ಬರುವಷ್ಟರಲ್ಲಿ ಮಗ್ಗಿನಲ್ಲಿದ್ದ ಒಂದು ಕಿಲೋ ರೆಸಿನ್ ಹೊಗೆಯಾಡಲು ಶುರುವಾಯಿತು. ಮಗ್ಗು ಕರಗಿ ಸೊಟ್ಟಗಾಯಿತು. ಅದನ್ನು ಅಂಗಳದ ಮರಳಿನ ಮೇಲೆ ಎಸೆದು ನಿಂತು ನೋಡಿದೆ. ಫೆಬ್ರವರಿಯಲ್ಲೇ 35 ಡಿಗ್ರಿ ಏರುವ ಊರಿನಲ್ಲಿ, ಡಬ್ಬದ ಮೇಲೆ ಬರೆದ ಅಳತೆ ಬೇರೆ ಊರಿನದು ಎಂದುಕೊಳ್ಳಬೇಕು. ಮರುವಾರದಿಂದ ಬೆಳಗಿನ ಐದೂವರೆಗೆ ಎದ್ದು, ಶೇಕಡಾ 1ರಷ್ಟೇ ಹಾಕಿ, ಒಮ್ಮೆಗೆ ಅರ್ಧ ಕಿಲೋ ಮಾತ್ರ ಕಲಸಿದೆ. ಇಪ್ಪತ್ತೈದು ನಿಮಿಷ ಸಿಕ್ಕಿತು. ರೋಲರ್ ಉರುಳಿಸಿ ಗಾಳಿಗುಳ್ಳೆಗಳನ್ನು ಅಂಚಿಗೆ ತಳ್ಳಲು ಅಷ್ಟು ಹೊತ್ತು ಬೇಕೇ ಬೇಕು. ಬಿಳಿ ಮ್ಯಾಟ್ ರೆಸಿನ್ ಕುಡಿದು ಪಾರದರ್ಶಕವಾಗುತ್ತಾ ಹೋಗುತ್ತದೆ. ಎಲ್ಲಿ ಬಿಳಿ ಉಳಿದಿದೆಯೋ ಅಲ್ಲಿ ಗಾಳಿ ಇದೆ.

ಮುಖಕ್ಕೆ ಮಾಸ್ಕ್, ತುಂಬು ತೋಳಿನ ಅಂಗಿ, ಕೈಗವಸು. ಆದರೂ ಗಾಜಿನ ನಾರು ಕೊರಳಪಟ್ಟಿಯೊಳಗೆ ಸೇರಿ ಎರಡು ರಾತ್ರಿ ತುರಿಸಿತು.

ಕೊನೆಯ ಕೋಟಿಗೆ ಮೇಣ ಬೆರೆಸಿದ ರೆಸಿನ್ ಬಳಸಬೇಕು. ಇಲ್ಲದಿದ್ದರೆ ಗಾಳಿ ತಾಗುವ ಮುಖ ಅಂಟಂಟಾಗಿಯೇ ಉಳಿಯುತ್ತದೆ. ಬಿಳಿ ಬಣ್ಣ ಕಲಸಿದೆ. ಹೆಂಡತಿ ಆಸ್ಪತ್ರೆಯಂತಿದೆ ಎಂದಳು. ನನಗೆ ಬೇಕಾಗಿದ್ದೂ ಅದೇ, ಕೊಳೆ ಕಾಣಬೇಕು. ಆಮೇಲೆ ಮೂರು ವಾರ ಹಾಗೇ ಬಿಸಿಲಿಗೆ ಬಿಟ್ಟೆ. ಹಸಿ ರೆಸಿನ್ನಿನ ಘಾಟು ಮನುಷ್ಯರಿಗೇ ತಲೆನೋವು ತರುತ್ತದೆ, ಮುಚ್ಚಿದ ಗೂಡಿನಲ್ಲಿ ಉಸಿರಾಡುವ ಪ್ರಾಣಿಯ ಗತಿಯೇನು? ಮೂಗು ಒಳಗಿಟ್ಟರೂ ವಾಸನೆ ಬಾರದಾದ ಮೇಲೆ ಸೋಪಿನ ನೀರಿನಲ್ಲಿ ಎರಡು ಬಾರಿ ತೊಳೆದೆ.

ಈಗ ಪರೀಕ್ಷೆ. ರಂಧ್ರಕ್ಕೆ ಬಿರಡೆ ಹಾಕಿ ನೀರು ತುಂಬಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದೆ. ಗೂಡಿನ ಕೆಳಗೆ ಹಳೆಯ ದಿನಪತ್ರಿಕೆ ಹಾಸಿದೆ. ಇಪ್ಪತ್ತನಾಲ್ಕು ಗಂಟೆಯ ನಂತರ ನೀರು ಗೆರೆಗಿಂತ 4 ಮಿಲಿಮೀಟರ್ ಇಳಿದಿತ್ತು. ಸೋರಿತೋ ಆರಿತೋ? ಇದನ್ನು ಮೊದಲೇ ಯೋಚಿಸಿ, ಗೂಡಿನೊಳಗೇ ಒಂದು ಸ್ಟೀಲ್ ಪಾತ್ರೆಯಲ್ಲಿ ನೀರಿಟ್ಟು ಅದಕ್ಕೂ ಗೆರೆ ಹಾಕಿದ್ದೆ. ಪಾತ್ರೆಯೂ 4 ಮಿಲಿಮೀಟರ್ ಇಳಿದಿತ್ತು. ಬಳ್ಳಾರಿಯ ಗಾಳಿ ಕುಡಿದದ್ದು. ಪತ್ರಿಕೆ ಗರಿಗರಿಯಾಗಿಯೇ ಇತ್ತು. ನಮ್ಮ ಊರಿನ ಕೋಟೆಗುಡ್ಡದ ಬಂಡೆಯ ಕೊರಕಲುಗಳಲ್ಲಿ ಯಾವ ಕೋಟಿಂಗೂ ಇಲ್ಲದೆ ಮಳೆನೀರು ನಿಲ್ಲುವುದನ್ನು ಕಂಡು ಬೆಳೆದವನಿಗೆ ಇದೇನೂ ದೊಡ್ಡ ಸಾಧನೆಯಲ್ಲ, ಆದರೂ ಅಂದು ರಾತ್ರಿ ಮಿರ್ಚಿ ಬಜ್ಜಿ, ಮಂಡಕ್ಕಿ ತಂದು ಹಂಚಿದೆ.

ಹಂಚಿದ್ದು ಬೇಗವಾಯಿತು. ಬಿರಡೆ ತೆಗೆದು ನೀರು ಬಿಟ್ಟರೆ, ಎಲ್ಲ ಹರಿದು ಹೋದ ಮೇಲೂ ನೆಲದ ನಡುವೆ ಅಂಗೈಯಷ್ಟು ಕೆರೆಯೊಂದು ಉಳಿಯಿತು. ಕಾರಣ, 6 ಅಡಿ ಉದ್ದದ ಹಲಗೆಗೆ ಕೆಳಗೆ ಎರಡೇ ಅಡ್ಡಪಟ್ಟಿ ಕೊಟ್ಟಿದ್ದೆ. ನೀರಿನ ಭಾರಕ್ಕೆ ನಡು ತಗ್ಗಿತ್ತು. ಒಂದೂವರೆ ಅಡಿಗೊಂದರಂತೆ ಮೂರು ಇರಬೇಕಾಗಿತ್ತು. ಈಗ ಕೆಳಗೆ ವೆಲ್ಡಿಂಗ್ ಮಾಡಿದರೆ ಮೇಲಿನ ರೆಸಿನ್ ಸುಡುತ್ತದೆ. ಆ್ಯಂಗಲ್ ಪಟ್ಟಿಯೊಂದನ್ನು ಬೋಲ್ಟ್ ಹಾಕಿ ಕೂರಿಸಿ, ಪಟ್ಟಿಗೂ ಹಲಗೆಗೂ ನಡುವೆ ಎರಡು ಬೆಣೆಗಳನ್ನು ಎದುರುಬದುರಾಗಿ ತಟ್ಟಿ ನಡುವನ್ನು ಮೇಲೆತ್ತಿದೆ. ಮೂರನೇ ಏಟಿಗೆ ಕೆರೆ ಬಲಮೂಲೆಯ ಕಡೆಗೆ ಮೆಲ್ಲಗೆ ಜಾರಿಹೋಯಿತು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಕ್ಷಣ ಅದು.

ಎರಡನೇ ಪರೀಕ್ಷೆ, ಕೊಂಬೆಗಳನ್ನು ಕೂರಿಸಿದ ಮೇಲೆ. ಈ ಬಾರಿ ಪತ್ರಿಕೆಯ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಒದ್ದೆ ಉಂಗುರ ಬಿದ್ದಿತ್ತು. ಬೆರಳಿಟ್ಟು ಹುಡುಕುತ್ತಾ ಹೋದರೆ, ಅಡಿಯ ಪೇರಲ ಕೊಂಬೆ ಅಲುಗದಿರಲೆಂದು ನಾನೇ ನೆಲಕ್ಕೆ ಹಾಕಿದ್ದ ಒಂದು ಕ್ಲ್ಯಾಂಪಿನ ಸ್ಕ್ರೂ. ಹದಿನೈದು ಕಿಲೋ ರೆಸಿನ್ನಿನಿಂದ ಮುಚ್ಚಿದ ನೆಲಕ್ಕೆ ಡ್ರಿಲ್ ಹಿಡಿದು ತೂತು ಹೊಡೆದವನನ್ನು ಏನೆಂದು ಕರೆಯುವುದು? ಸ್ಕ್ರೂ ಕಿತ್ತು, ತೂತನ್ನು ಅಗಲಿಸಿ ಒಣಗಿಸಿ, ರೆಸಿನ್ ಲೇಪ ತುಂಬಿ, ಮೇಲೆ ಅಂಗೈಯಗಲ ಮ್ಯಾಟಿನ ತೇಪೆ ಹಾಕಿದೆ. ಈಗ ಕೊಂಬೆಗಳೆಲ್ಲ ಮೇಲಿನ ಚೌಕಟ್ಟಿನಿಂದ ಬೋಲ್ಟಿನಲ್ಲಿ ತೂಗುತ್ತವೆ. ಒಂದಡಿಗಿಂತ ಕೆಳಗೆ ಈ ಗೂಡಿನಲ್ಲಿ ಸ್ಕ್ರೂ ಎಂಬುದೇ ಇಲ್ಲ.

ಮುಂಭಾಗಕ್ಕೆ 6 ಇಂಚಿನ ಕಟ್ಟೆ, ಅದರ ಮೇಲೆ ಜಾರುವ ಗಾಜಿನ ಬಾಗಿಲು, 6 ಮಿಲಿಮೀಟರಿನ ಟಫನ್ಡ್ ಗಾಜು. ಅಕ್ರಿಲಿಕ್ ಅಗ್ಗ, ಆದರೆ ಒಂದು ಬದಿ ಬಿಸಿ ತೇವ, ಇನ್ನೊಂದು ಬದಿ ಒಣಗಾಳಿ ಇದ್ದರೆ ಬಿಲ್ಲಿನಂತೆ ಬಾಗುತ್ತದೆ. ಬಾಗಿಲು ಓಡುವ ಅಲ್ಯೂಮಿನಿಯಂ ಕಾಲುವೆಯಲ್ಲಿ ನೀರು ನಿಲ್ಲುತ್ತದೆಂದು ಗೊತ್ತಿತ್ತು. ಮನೆಯ ಕಿಟಕಿಗಳಿಗೆ ಇರುವಂತೆ ಒಳಬದಿಗೆ ನಾಲ್ಕು ಚಿಕ್ಕ ತೂತು ಕೊರೆದೆ. ಮೇಲ್ಭಾಗದಲ್ಲಿಯೂ ಒಂದು ಪಕ್ಕದ ಕೆಳಗೂ ಜಾಲರಿ. ಗಾಳಿಯಾಡದ ತೇವ ಬೂಷ್ಟಿನ ತವರು.

ನೀರಿನ ತೊಟ್ಟಿಗೆ ಪ್ರತ್ಯೇಕ ಪೈಪು ಕೊಟ್ಟದ್ದು ನಾನು ಮಾಡಿದ ಬುದ್ಧಿವಂತಿಕೆ. 60 ಸೆಂಟಿಮೀಟರ್ ಉದ್ದ, 40 ಅಗಲ; 15 ತುಂಬಿದರೆ 36 ಲೀಟರ್. ಅದನ್ನು ದಿನಾ ಎತ್ತಿ ಚೆಲ್ಲುವುದು ಬೆನ್ನಿಗೆ ಆಗದ ಮಾತು. ತಳದಲ್ಲಿ ನಿಪಲ್, ಗೂಡಿನ ಹೊರಗೆ ಬಾಲ್ ವಾಲ್ವ್. ಗೇಟ್ ವಾಲ್ವ್ ಹಾಕಬೇಡಿ, ಅದರ ಗಂಟಲಲ್ಲಿ ಎಲೆ ಸಿಕ್ಕಿಕೊಳ್ಳುತ್ತದೆ. ತೊಟ್ಟಿಯ ನೀರು ನೇರ ಶೌಚಾಲಯದ ಚೇಂಬರಿಗೆ ಹೋಗುತ್ತದೆ. ಸರೀಸೃಪಗಳ ಮಲದಲ್ಲಿ ಸಾಲ್ಮೊನೆಲ್ಲಾ ಇರುವುದು ಸಾಮಾನ್ಯ, ಆದ್ದರಿಂದ ಸೊಪ್ಪಿನ ಮಡಿಯ ಹತ್ತಿರಕ್ಕೂ ಅದು ಬರಬಾರದು. ತೊಟ್ಟಿ ಮುಟ್ಟಿದ ಕೈಗೆ ಸೋಪು ಕಡ್ಡಾಯ.

ನೆಲದ ಸಿಂಪರಣೆಯ ನೀರಿಗೆ ಅಂಗಳದಲ್ಲಿ ಇಂಗುಗುಂಡಿ ತೋಡಿದೆ. 2 ಅಡಿ ಚೌಕ, 3 ಅಡಿ ಆಳ, ಒಳಗೆ ಇಟ್ಟಿಗೆ ಚೂರು, ಜಲ್ಲಿ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಈ ಮಣ್ಣು ಎಷ್ಟು ನೀರಾದರೂ ಕುಡಿಯುತ್ತದೆ ಎಂದು ಭಾವಿಸಿದ್ದೆ. ನಾಲ್ಕು ದಿನ ಕುಡಿಯಿತು. ಐದನೆಯ ದಿನದಿಂದ ಗುಂಡಿ ತುಂಬಿ ನಿಂತಿತು. ಎರೆಮಣ್ಣಿನ ಜೇಡಿ ನೀರು ಕಂಡರೆ ಉಬ್ಬಿ ತನ್ನ ಬಿರುಕುಗಳನ್ನು ತಾನೇ ಹೊಲಿದುಕೊಳ್ಳುತ್ತದೆ. ಹತ್ತು ದಿನಕ್ಕೆ ಸೊಳ್ಳೆ. ಗೌಂಡಿ ತಾತ ನೋಡಿ ನಕ್ಕರು: "ಎರೆಯಲ್ಲಿ ಗುಂಡಿ ತೋಡಿದರೆ ಅದು ಬಾವಿ, ಇಂಗುಗುಂಡಿ ಅಲ್ಲ." ಗುಂಡಿ ಮುಚ್ಚಿ, ಪೈಪನ್ನು ಎತ್ತರಿಸಿದ ಒಂದು ಮಡಿಗೆ ಬಿಟ್ಟೆ. ಅದರಲ್ಲಿ ಕೆಮ್ಮಣ್ಣು, ಮರಳು ಬೆರೆಸಿ ಕ್ಯಾನಾ ಹೂವಿನ ಗಿಡ ನೆಟ್ಟಿದ್ದೇನೆ. ದಿನಕ್ಕೆ ಬರುವ ಮೂರು ನಾಲ್ಕು ಲೀಟರನ್ನು ಅವು ಸಲೀಸಾಗಿ ಮುಗಿಸುತ್ತವೆ.

ಸಿಂಪರಣೆಗೆ ಕುಡಿಯುವ ನೀರಿನ ಆರ್‌ಒ ಯಂತ್ರದ ಬೂಸ್ಟರ್ ಪಂಪು, 24 ವೋಲ್ಟಿನದು; ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ನಳಿಕೆಗಳು ಹನಿ ನೀರಾವರಿಯ ಅಂಗಡಿಯವು. ಬೋರ್‌ವೆಲ್ ನೀರು ಹಾಕಿದೆ. ಹದಿನೈದು ದಿನಕ್ಕೆ ನಳಿಕೆಯ ಬಾಯಿಗೆ ಸುಣ್ಣ ಕಟ್ಟಿತು, ಗಾಜು ಮಸುಕಾಯಿತು. ಈಗ ಆರ್‌ಒ ನೀರು ಮಾತ್ರ. ವಿದ್ಯುತ್ತಿನ ವಿಷಯದಲ್ಲಿ ಜಿಪುಣತನ ಬೇಡ: ಕರೆಂಟ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಪ್ರತಿ ವೈರೂ ಪ್ಲಗ್ಗಿಗೆ ಏರುವ ಮೊದಲು ಒಮ್ಮೆ ಕೆಳಗೆ ಜೋತು ಬರಲಿ. ವೈರಿನ ಮೇಲೆ ಹರಿದ ನೀರು ಆ ಜೋಲಿಯಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ.

ನೆಲದ ಮೇಲೆ ಮಣ್ಣು, ಜಲ್ಲಿ ಹಾಸಿ ಕಾಡಿನಂತೆ ಮಾಡುವ ಆಸೆ ನನಗೂ ಇತ್ತು. ಬಿಟ್ಟೆ. ಇಗುವಾನಾ ನಾಲಿಗೆಯಿಂದ ಎಲ್ಲವನ್ನೂ ಪರೀಕ್ಷಿಸುತ್ತದೆ, ಕಲ್ಲು ನುಂಗಿದರೆ ಕರುಳು ಕಟ್ಟುತ್ತದೆ. ಬಚ್ಚಲಿಗೆ ಹಾಸುವ ತೂತಿನ ಪ್ಲಾಸ್ಟಿಕ್ ಮ್ಯಾಟ್ ಹಾಕಿದ್ದೇನೆ. ಅದರ ಕೆಳಗೆ ನೀರು ಓಡುತ್ತದೆ, ಮೇಲೆ ಒಣಗಿರುತ್ತದೆ. ಹಸಿರಿಗಾಗಿ ದಾಸವಾಳದ ಕುಂಡವೊಂದನ್ನು ತೂಗುಹಾಕಿದೆ. ಎರಡು ದಿನಕ್ಕೆ ಕಡ್ಡಿ ಉಳಿಯಿತು.

ದೀಪಗಳ ವಿಷಯ ಚುಟುಕಾಗಿ: ಬಿಸಿ ದೀಪ ಜಾಲರಿಯ ಹೊರಗೆ, ಥರ್ಮೋಸ್ಟಾಟಿನ ಅಂಕೆಯಲ್ಲಿ, ಏಪ್ರಿಲ್, ಮೇ ತಿಂಗಳಲ್ಲಿ ಅದು ಹೆಚ್ಚುಕಡಿಮೆ ಆರಿಯೇ ಇರುತ್ತದೆ. ಇಲ್ಲಿ ಚಳಿಗಿಂತ ಸೆಕೆಯೇ ಶತ್ರು. ಮೂಳೆ ಗಟ್ಟಿಯಾಗಲು ಬೇಕಾದ ಅತಿನೇರಳೆ ಕಿರಣ ಕೊಡುವ ಯುವಿಬಿ ಟ್ಯೂಬ್ ಬೇಕೇ ಬೇಕು, ಅದರ ಮತ್ತು ಪ್ರಾಣಿಯ ನಡುವೆ ಗಾಜು ಇರಬಾರದು. ಮುಚ್ಚಿದ ಕಿಟಕಿಯ ಗಾಜಿನಿಂದ ಬರುವ ಬಿಸಿಲು ಆ ಕೆಲಸ ಮಾಡುವುದಿಲ್ಲ.

ಒಟ್ಟು ಖರ್ಚು 32,000 ರೂಪಾಯಿ ದಾಟಿತು. ಕರಗಿದ ಮಗ್ಗು ಲೆಕ್ಕಕ್ಕಿಲ್ಲ.

ಯುಗಾದಿಗೆ ನಾಲ್ಕು ದಿನ ಮುಂಚೆ ಮಿರ್ಚಿಯನ್ನು ಒಳಗೆ ಬಿಟ್ಟೆ. ಕಲೆಗಳು ಆ ಹೊತ್ತಿಗೆ ಪೊರೆಯೊಂದಿಗೆ ಕಳಚಿಹೋಗಿದ್ದವು. ಮೂರು ದಿನ ಅತ್ಯಂತ ಮೇಲಿನ ಪೇರಲ ಕೊಂಬೆ ಬಿಟ್ಟು ಇಳಿಯಲಿಲ್ಲ. ನುಗ್ಗೆಸೊಪ್ಪು ತೋರಿಸಿದರೂ ಮುಖ ತಿರುಗಿಸಿದಳು. ನಾಲ್ಕನೆಯ ದಿನ ಹಬ್ಬದ ಬೆಳಿಗ್ಗೆ, ಮನೆಯವರೆಲ್ಲ ಬೇವು ಬೆಲ್ಲ ಹಂಚಿಕೊಳ್ಳುತ್ತಿದ್ದಾಗ, ತೊಟ್ಟಿಯಲ್ಲಿ ದಡಬಡ ಸದ್ದಾಯಿತು. ಹೋಗಿ ನೋಡಿದರೆ ಮಹಾರಾಣಿ ನೀರಿನಲ್ಲಿ ಕುಳಿತು ತನ್ನ ಕೆಲಸ ಮುಗಿಸಿಕೊಂಡಿದ್ದಳು. ವಾಲ್ವ್ ತಿರುಗಿಸಿದೆ. ನಿಮಿಷವೊಂದರಲ್ಲಿ 36 ಲೀಟರ್ ಗುಳುಗುಳು ಎಂದು ಇಳಿದುಹೋಯಿತು. ತೊಟ್ಟಿ ತೊಳೆದ ನೀರು ಮ್ಯಾಟಿನಡಿಯಿಂದ ಬಲಮೂಲೆಗೆ ಓಡಿತು, ನಿಂತ ಜಾಲಿಯ ಸುತ್ತ ಒಮ್ಮೆ ಸುತ್ತಿ ಮಾಯವಾಯಿತು. ಹೆಂಡತಿ ಹಿಂದೆಯೇ ನಿಂತು ನೋಡುತ್ತಿದ್ದಳು. ಏನೂ ಹೇಳಲಿಲ್ಲ. ಅಡುಗೆಮನೆಯ ಅಟ್ಟದಿಂದ ಉಳಿ, ಸುತ್ತಿಗೆ ತಂದು ನನ್ನ ಕೈಗಿಟ್ಟು, ಬಚ್ಚಲಿನ ಕಡೆ ಕಣ್ಣು ತೋರಿಸಿದಳು.